ಉಂಗುರದ ಒಳಮೈ ಓದುವ ಬಗೆ

ಕೊಯಮತ್ತೂರಿನ ರಾಜಬೀದಿಯಲ್ಲಿ ದೇವಾಂಗರ ಚೌಡೇಶ್ವರಿ ಗುಡಿಯೂ ಇದೆ, ಚಿನ್ನದ ಅಂಗಡಿಗಳೂ ಇವೆ. ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡ ಮನೆಮಾತಿನ ಮನೆಗಳಲ್ಲಿ ಮದುವೆ ಬಂತೆಂದರೆ ಅಜ್ಜಿಯ ಉಂಗುರ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ, ತಕ್ಕಡಿ ಏರುತ್ತದೆ, ಕರಗಿ ಹೊಸ ಒಡವೆಯಾಗುತ್ತದೆ. ಕರಗಿಸುವ ಮುಂಚೆ ಅದನ್ನೊಮ್ಮೆ ಓದಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಕಿಟಕಿಯ ಹಗಲು ಬೆಳಕು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲ ಪಾಠವನ್ನು ಮರೆಯಬೇಡಿ: ಹಾಲ್‌ಮಾರ್ಕ್ ಹೇಳುವುದು ಉಂಗುರವನ್ನು ಪರೀಕ್ಷಿಸಿದ ಕಾಲವನ್ನು, ಅದು ಹುಟ್ಟಿದ ಕಾಲವನ್ನಲ್ಲ.

ಮುದ್ರೆ

ನಮ್ಮ ದೇಶದಲ್ಲಿ ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್ ಬಂದದ್ದು 2000ದಲ್ಲಿ. ಆಗಿನ ಒಡವೆಗಳಲ್ಲಿ ತ್ರಿಕೋನದ ಚಿಹ್ನೆ, 916ರಂಥ ಶುದ್ಧತೆಯ ಅಂಕಿ, ಪರೀಕ್ಷಾ ಕೇಂದ್ರದ ಗುರುತು, ಅಂಗಡಿಯ ಗುರುತು, ಜೊತೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತವೆ. ಆ ಅಕ್ಷರವೇ ವರ್ಷ. ಎ ಎಂದರೆ 2000, ಬಿ ಎಂದರೆ 2001; ಐ ಅಕ್ಷರವನ್ನು ಬಿಟ್ಟದ್ದರಿಂದ ಜೆ ಎಂದರೆ 2008. 2017ರಿಂದ ವರ್ಷದ ಅಕ್ಷರ ಹೋಯಿತು, 22ಕೆ916 ಎಂದು ಕ್ಯಾರಟ್ಟೂ ಸೇರಿತು. 2021ರ ಜುಲೈಯಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬಂತು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಸಿಗುತ್ತದೆ. ಮುದ್ರೆಯೇ ಇಲ್ಲವೆಂದು ಉಂಗುರವನ್ನು ಹಳೆಯದೆನ್ನಬೇಡಿ: ಎರಡು ಗ್ರಾಮಿಗಿಂತ ಹಗುರವಾದ ಒಡವೆಗೆ ಇಂದಿಗೂ ಹಾಲ್‌ಮಾರ್ಕ್ ಕಡ್ಡಾಯವಲ್ಲ.

2000ಕ್ಕೆ ಹಿಂದಿನ ಉಂಗುರಗಳಲ್ಲಿ ಮಾಡಿದವರ ಹೆಸರಿನ ಅಕ್ಷರವೋ, ಕ್ಯಾಡ್ಮಿಯಂ ಬೆಸುಗೆಯನ್ನು ಸೂಚಿಸುವ ಕೆಡಿಎಂ ಎಂಬ ಗುರುತೋ ಕಾಣಬಹುದು. 14 ಕ್ಯಾರಟ್ಟಿನ ಉಂಗುರ ಸಿಕ್ಕರೆ 1963ನ್ನು ನೆನೆಯಿರಿ: ಆ ವರ್ಷ ಬಂದ ಚಿನ್ನ ನಿಯಂತ್ರಣ ನಿಯಮ 14 ಕ್ಯಾರಟ್ಟಿಗಿಂತ ಶುದ್ಧವಾದ ಒಡವೆ ಮಾಡುವುದನ್ನು ತಡೆದು, ಅಕ್ಕಸಾಲಿಗಳ ಅನ್ನಕ್ಕೆ ಕಲ್ಲು ಹಾಕಿತು. 1966ರಲ್ಲಿ ಆ ಕಟ್ಟು ಸಡಿಲವಾಯಿತು. ಬ್ರಿಟನ್ನಿನ ಉಂಗುರವಾದರೆ 15 ಎಂಬ ಅಂಕಿ ಒಳ್ಳೆಯ ಸುಳಿವು; 15 ಕ್ಯಾರಟ್ಟಿನ ಮುದ್ರೆ ಅಲ್ಲಿ 1854ರಿಂದ 1932ರವರೆಗೆ ಮಾತ್ರ ಇತ್ತು.

ಬೆಸುಗೆ

ಉಂಗುರ ಅಂಗೈ ಕಡೆಗೆ ಹೆಚ್ಚು ಸವೆಯುತ್ತದೆ. ಅಳತೆ ಬದಲಿಸುವಾಗ ಅಕ್ಕಸಾಲಿ ಕತ್ತರಿಸುವುದೂ ಸಾಮಾನ್ಯವಾಗಿ ಅಲ್ಲಿಯೇ. ಆ ಜಾಗಕ್ಕೆ ಬಾಯಿಂದ ಹಬೆ ಊದಿ: ಮಂಜು ಆರುವಾಗ ಬೆಸುಗೆಯ ಗೆರೆ ಕಣ್ಣಿಗೆ ಬೀಳುತ್ತದೆ. ಗೆರೆಯ ಬಣ್ಣ ಬೇರೆಯಾಗಿದ್ದರೆ ಬೆಳ್ಳಿ, ತಾಮ್ರ ಬೆರೆಸಿದ ಹಳೆಯ ಕ್ರಮದ ಬೆಸುಗೆ ಎಂದು ಊಹಿಸಬಹುದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬಳಕೆಗೆ ಬಂದ ಕ್ಯಾಡ್ಮಿಯಂ ಬೆಸುಗೆ ಚಿನ್ನದ ಬಣ್ಣದಲ್ಲೇ ಬೆರೆತುಹೋಗುತ್ತದೆ. ಅದರ ಹೊಗೆ ಅಕ್ಕಸಾಲಿಗಳ ಎದೆಗೆ ವಿಷವಾದ್ದರಿಂದಲೇ ಅದನ್ನು ಕೈಬಿಡಬೇಕಾಯಿತು. ಸಾಲಾಗಿ ಸಣ್ಣ ದುಂಡನೆ ಚುಕ್ಕೆಗಳಿದ್ದರೆ ಲೇಸರ್ ಬೆಸುಗೆ, ತೀರಾ ಈಚಿನದು. ಬೂದುಬಣ್ಣದ ತೇಪೆಯಿದ್ದರೆ ಸೀಸ ಬೆರೆತ ಅವಸರದ ರಿಪೇರಿ. ಸವೆದ ಉಂಗುರದ ಮೇಲೆ ಹರಳು ಹಿಡಿದ ಕೊಕ್ಕೆಗಳು ಮಾತ್ರ ಚೂಪಾಗಿದ್ದರೆ ಅವು ಆಮೇಲೆ ಕೂಡಿಸಿದವು.

ಹರಳನ್ನೂ ಹಾಗೆಯೇ ನೋಡಿ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಪಡಿಯೂರು ನೀಲಿಹಸಿರು ಬೆರಿಲ್ ಹರಳಿಗೆ ಹಿಂದಿನಿಂದ ಹೆಸರಾದ ಊರು. ಆದರೆ ಅಲ್ಲಿಯ ಹಳೆಯ ಹರಳು ಹೊಸ ಉಂಗುರದಲ್ಲಿ ಕೂತಿರಬಹುದು.

ಎರಡನ್ನೂ ಕೂಡಿಸಿ

ಸವರನ್ ನಾಣ್ಯ ಕೂರಿಸಿದ ಉಂಗುರವೊಂದು ನಿಮ್ಮ ಕೈಗೆ ಬಂತೆನ್ನಿ. ನಾಣ್ಯದಲ್ಲಿ 1918 ಎಂದಿದೆ, ಇಸವಿಯ ಮೇಲೆ ಪುಟ್ಟ ಐ ಅಕ್ಷರವಿದೆ. ಅಂದರೆ ಅದು ಮುಂಬಯಿ ಟಂಕಸಾಲೆಯದು; ಅಲ್ಲಿ ಸವರನ್ ಅಚ್ಚಾದದ್ದು ಆ ಒಂದೇ ವರ್ಷ. ಉಂಗುರ 1918ಕ್ಕಿಂತ ಹಳೆಯದಾಗಿರಲಾರದು, ಎಷ್ಟು ಈಚಿನದೋ ನಾಣ್ಯ ಹೇಳದು. ಹಿಂಬದಿಯಲ್ಲಿ ಬಣ್ಣ ಬೇರೆಯಾದ ಬೆಸುಗೆ ಇದೆ: ಯಾರದೋ ಬೆರಳಿಗೆ ಅಳತೆ ಬದಲಾಗಿದೆ. ಒಳಗೆ ಎಚ್‌ಯುಐಡಿ ಇದೆ: 2021ರ ಬಳಿಕ ಪರೀಕ್ಷೆಯಾಗಿದೆ. ಒಂದೇ ಉಂಗುರದಲ್ಲಿ ಮೂರು ಕಾಲ.

ರಿಪೇರಿಯಾದ ಉಂಗುರವನ್ನು ಕೀಳೆಂದು ಎಣಿಸಬೇಡಿ. ಬೇಡವಾದ ಒಡವೆಯನ್ನು ಯಾರೂ ಬೆಸೆಯಿಸುವುದಿಲ್ಲ. ಮಾರಲೇಬೇಕಾದರೆ ಮಾರಿ, ಆದರೆ ಅದಕ್ಕೆ ಮುಂಚೆ ಒಳಮೈಯ ಚಿತ್ರ ತೆಗೆದು, ತೂಕ ಬರೆದು, ಅದು ಯಾರ ಬೆರಳಲ್ಲಿತ್ತೆಂದು ಮನೆಯ ಹಿರಿಯರನ್ನು ಕೇಳಿ ಗುರುತು ಹಾಕಿಕೊಳ್ಳಿ. ಮೂಸೆಗೆ ಬಿದ್ದ ಮೇಲೆ ಉಳಿಯುವುದು ತೂಕವೊಂದೇ.