ಹುಲ್ಲು ನೆಟ್ಟವರೂ ಗದ್ದುಗೆಯೇರಿದವನೂ
(‘ಡ್ಯೂನ್’ ಕಾದಂಬರಿಯನ್ನು ಓದಿದ ಮೇಲೆ)

ಹೆಸರಾದ ಗ್ರಂಥವನ್ನು ಕೈಗೆತ್ತಿಕೊಳ್ಳುವಾಗ ವಾಚಕನ ಮನಸ್ಸು ಅರ್ಧ ಸೋತೇ ಇರುತ್ತದೆ. ಮೆಚ್ಚಬೇಕೆಂದು ನಿಶ್ಚಯಿಸಿಯೇ ಅವನು ಮೊದಲ ಪುಟವನ್ನು ತೆರೆಯುತ್ತಾನೆ. ಅಮೆರಿಕದ ಫ್ರ್ಯಾಂಕ್ ಹರ್ಬರ್ಟರ ‘ಡ್ಯೂನ್’ ಎಂಬ ವೈಜ್ಞಾನಿಕ ಕಾದಂಬರಿಯನ್ನು ನಾನು ತೆರೆದದ್ದೂ ಹಾಗೆಯೇ. 1965ರಲ್ಲಿ ಗ್ರಂಥರೂಪವಾಗಿ ಹೊರಬಂದ ಈ ಕೃತಿಯನ್ನು ಹಲವು ಪ್ರಕಾಶಕರು ಒಲ್ಲೆನೆಂದ ಮೇಲೆ, ಮೋಟಾರು ದುರಸ್ತಿಯ ಕೈಪಿಡಿಗಳಿಗೆ ಹೆಸರಾದ ಒಂದು ಸಂಸ್ಥೆ ಅಚ್ಚು ಹಾಕಿತಂತೆ. ಮರುವರ್ಷವೇ ಇದು ಹ್ಯೂಗೋ ಪ್ರಶಸ್ತಿಯನ್ನು ಇನ್ನೊಂದು ಕೃತಿಯೊಡನೆ ಹಂಚಿಕೊಂಡಿತು. ನೆಬ್ಯುಲಾ ಪ್ರಶಸ್ತಿ ಹುಟ್ಟಿದಾಗ ಅದನ್ನು ಪಡೆದ ಮೊದಲ ಕಾದಂಬರಿಯೂ ಇದೇ. ಆರ್ಥರ್ ಕ್ಲಾರ್ಕರಂಥವರು ಇದಕ್ಕೆ ಸರಿಸಾಟಿಯಾಗಿ ಟೋಲ್ಕೀನರ ಮಹಾಕಥೆಯೊಂದನ್ನೇ ಹೆಸರಿಸಿದರು. 2021ರಲ್ಲಿಯೂ 2024ರಲ್ಲಿಯೂ ಇದರ ಕಥೆ ಎರಡು ಭಾಗಗಳ ಚಲನಚಿತ್ರವಾಗಿ ಲೋಕವನ್ನೆಲ್ಲ ಸುತ್ತಿತು. ಇಷ್ಟು ಹೊಗಳಿಕೆಯ ಭಾರವನ್ನು ಹೊತ್ತು, ಮಗ್ಗುಲಲ್ಲಿ ನಿಘಂಟನ್ನಿಟ್ಟುಕೊಂಡು, ಒಂದು ಬೇಸಗೆಯ ರಜೆಯನ್ನೆಲ್ಲ ಇದಕ್ಕೆ ಕೊಟ್ಟೆ. ಮುಗಿಸಿದಾಗ ಉಳಿದದ್ದು ನಿರಾಶೆ. ಬರಿಯ ಬೇಸರವಾಗಿದ್ದರೆ ಈ ಲೇಖನ ಬೇಕಾಗಿರಲಿಲ್ಲ.

ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಅರಾಕಿಸ್ ಎಂಬುದು ಮಳೆಯನ್ನೇ ಕಾಣದ ಮರಳುಗಾಡಿನ ಗ್ರಹ. ಆದರೆ ನಕ್ಷತ್ರದಿಂದ ನಕ್ಷತ್ರಕ್ಕೆ ನೌಕೆಗಳನ್ನು ನಡೆಸಲು ಬೇಕಾದ ಒಂದು ಸಂಬಾರ ದ್ರವ್ಯ ಅಲ್ಲಿ ಮಾತ್ರ ದೊರೆಯುತ್ತದೆ. ಚಕ್ರವರ್ತಿಯ ಆಜ್ಞೆಯಂತೆ ಅದರ ಆಡಳಿತಕ್ಕೆ ಬಂದ ಡ್ಯೂಕ್ ಲೇಟೋ, ಹಗೆಯಾದ ಬ್ಯಾರನ್ ಹಾರ್ಕೋನೆನ್ ಹೂಡಿದ ಮೋಸಕ್ಕೆ ಬಲಿಯಾಗುತ್ತಾನೆ. ಅವನ 15 ವರ್ಷದ ಮಗ ಪಾಲನು ತಾಯಿ ಜೆಸಿಕಾಳೊಡನೆ ಮರಳುಗಾಡಿಗೆ ಓಡಿ, ಫ್ರೆಮೆನ್ ಎಂಬ ಅಲ್ಲಿನ ಜನರನ್ನು ಸೇರಿ, ಅವರ ಪ್ರವಾದಿಯಾಗಿ, ಕೊನೆಗೆ ಚಕ್ರವರ್ತಿಯನ್ನೇ ಗದ್ದುಗೆಯಿಂದ ಇಳಿಸುತ್ತಾನೆ. ಚಕ್ರವರ್ತಿಗೆ ‘ಪಾದಿಷಾ’ ಎಂಬ ಬಿರುದುಂಟು. ‘ಷೈತಾನ್’ ಎಂಬ ಹೆಸರೂ ಉಂಟು. ಬಾದಶಹನನ್ನೂ ಸೈತಾನನನ್ನೂ ಅಜ್ಜಿಯ ಬಾಯಿಂದಲೇ ಕೇಳಿ ಬೆಳೆದ ನಮಗೆ, ಇಂಗ್ಲಿಷ್ ವಾಚಕನಿಗಾಗುವ ಬೆರಗು ಇಲ್ಲಿ ಆಗುವುದಿಲ್ಲ. ಪರಿಚಿತರೇ ವೇಷ ಕಟ್ಟಿ ಬಂದಂತೆ ತೋರುತ್ತದೆ.

ಹಾಗೆಂದು ಗ್ರಂಥದಲ್ಲಿ ಸತ್ತ್ವವಿಲ್ಲವೆಂದರೆ ಅನ್ಯಾಯವಾದೀತು. ನೀರಿನ ವಿಷಯ ಬಂದಲ್ಲೆಲ್ಲ ಹರ್ಬರ್ಟರ ಲೇಖನಿಗೆ ಜೀವ ಬರುತ್ತದೆ. ಫ್ರೆಮೆನ್ ನಾಯಕ ಸ್ಟಿಲ್ಗಾರನು ಡ್ಯೂಕನ ಮುಂದೆ ಮೇಜಿನ ಮೇಲೆ ಉಗುಳುತ್ತಾನೆ. ಸಭೆ ಕೆರಳುತ್ತದೆ. ಅವನು ತನ್ನ ಮೈಯ ತೇವವನ್ನೇ ಕಾಣಿಕೆಯಾಗಿ ಕೊಟ್ಟನೆಂಬುದು ಆಮೇಲೆ ತಿಳಿಯುತ್ತದೆ. ಅರಮನೆಯ ಔತಣದಲ್ಲಿ ಅತಿಥಿಗಳು ಕೈತೊಳೆದು ನೀರನ್ನು ನೆಲಕ್ಕೆ ಚೆಲ್ಲುವುದು ಸಂಪ್ರದಾಯ. ಒರೆಸಿದ ಬಟ್ಟೆಯಿಂದ ಹಿಂಡಿದ ನೀರಿಗಾಗಿ ಬಾಗಿಲಲ್ಲಿ ಭಿಕ್ಷುಕರು ಕಾದಿರುತ್ತಾರೆ. ತಾನೇ ದ್ವಂದ್ವದಲ್ಲಿ ಕೊಂದ ಜಾಮಿಸನಿಗಾಗಿ ಪಾಲನು ಅತ್ತಾಗ, ಸುತ್ತ ನಿಂತವರು ಇವನು ಸತ್ತವನಿಗೆ ನೀರು ಕೊಡುತ್ತಿದ್ದಾನೆಂದು ಬೆರಗಾಗುತ್ತಾರೆ. ಜಾಮಿಸನ ದೇಹದಿಂದ ತೆಗೆದ 33 ಲೀಟರಿನಷ್ಟು ನೀರನ್ನು ಅಳೆದು ಬಂಡೆಯೊಳಗಿನ ಗುಪ್ತ ಕೊಳಕ್ಕೆ ಸುರಿಯುತ್ತಾರೆ. ಆ ಕೊಳದಲ್ಲಿ 38 ಕೋಟಿ ಲೀಟರಿಗೂ ಹೆಚ್ಚು ನೀರಿದೆ. ಬೆವರನ್ನೂ ಸೋಸಿ ಕುಡಿಯುವ ಆ ಜನರು ಅದರಲ್ಲಿ ಒಂದು ಬೊಗಸೆಯನ್ನೂ ಮುಟ್ಟುವುದಿಲ್ಲ.

ಏಕೆ ಮುಟ್ಟುವುದಿಲ್ಲ? ಈ ಗ್ರಂಥದ ನಿಜವಾದ ಕಥೆ ಈ ಪ್ರಶ್ನೆಯಲ್ಲಿದೆ ಎಂದು ನನ್ನ ಅಭಿಪ್ರಾಯ.

1957ರಲ್ಲಿ ಹರ್ಬರ್ಟರು ಅಮೆರಿಕದ ಆರಿಗನ್ ಪ್ರಾಂತದ ಕಡಲತೀರಕ್ಕೆ ಹೋಗಿದ್ದರು. ಅಲ್ಲಿ ಸರಕಾರದ ಕೃಷಿ ಇಲಾಖೆಯವರು ಹುಲ್ಲು ನೆಟ್ಟು, ಸರಿಯುವ ಮರಳುದಿಬ್ಬಗಳನ್ನು ನಿಲ್ಲಿಸುತ್ತಿದ್ದರು. ಕಾದಂಬರಿಯ ಬೀಜ ಅಲ್ಲಿಯದು. ಕೃತಿಯ ಅರ್ಪಣೆಯೂ ಒಣಭೂಮಿಯಲ್ಲಿ ದುಡಿಯುವ ಅಂಥ ವಿಜ್ಞಾನಿಗಳಿಗೇ. ಆ ಹುಲ್ಲು ನೆಡುವವನು ಕಾದಂಬರಿಯಲ್ಲಿ ಪಾರ್ಡಾಟ್ ಕೈನ್ಸ್ ಎಂಬ ವಿಜ್ಞಾನಿಯಾಗಿದ್ದಾನೆ. ಅವನು ಫ್ರೆಮೆನ್ ಜನರಿಗೆ ಮರಳನ್ನು ಹಸುರಾಗಿಸುವ ಪಾಠ ಹೇಳತೊಡಗಿದಾಗ, ಹಿರಿಯರು ಇವನು ಅಪಾಯಕಾರಿಯೆಂದು ಕೊಲ್ಲಲು ಒಬ್ಬನನ್ನು ಕಳುಹಿಸುತ್ತಾರೆ. ಕೈನ್ಸನು ಮಾತಿನ ಗುಂಗಿನಲ್ಲಿಯೇ, ದಾರಿ ಬಿಡೆಂದು ಹೇಳಿ ಅವನನ್ನು ದಾಟಿ ಹೋಗುತ್ತಾನೆ. ಕೊಲ್ಲಬಂದವನು ತನ್ನ ಚೂರಿಗೆ ತಾನೇ ಬೀಳುತ್ತಾನೆ. ಎಷ್ಟು ಕಾಲ ಬೇಕೆಂದು ಜನರು ಕೇಳಿದರೆ, ಮುನ್ನೂರರಿಂದ ಐನೂರು ವರ್ಷವೆಂದು ಉತ್ತರ. ಮೊದಲು ಗಾಳಿಯ ಮರೆಯ ಇಳಿಜಾರಿನಲ್ಲಿ ಬಡಹುಲ್ಲು, ಆಮೇಲೆ ಗಟ್ಟಿ ಹುಲ್ಲು, ಆಮೇಲೆ ಪೊದೆ, ಕೊನೆಗೆ ಖರ್ಜೂರ, ಹತ್ತಿ, ಕಲ್ಲಂಗಡಿ. ತಾವು ಕಾಣಲಾರದ ನೆರಳಿಗಾಗಿ ಆ ಜನರು ನೀರು ಕೂಡಿಡುತ್ತಾರೆ.

ಓದಿ ನನ್ನ ಮೈ ನವಿರೆದ್ದಿತು. ಆದರೆ, ಮಿತ್ರರೇ, ಇದಿರುವುದು ಕಥೆಯೊಳಗಲ್ಲ; ಕಥೆ ಮುಗಿದ ಮೇಲೆ ಬರುವ ಅನುಬಂಧದಲ್ಲಿ! ಹೊಟ್ಟೆ ತುಂಬಿಸುವ ಅನ್ನವನ್ನು ಎಲೆಯ ತುದಿಗೆ ಉಪ್ಪಿನಕಾಯಿಯಂತೆ ಬಡಿಸಿದ್ದಾರೆ.

ಕಥೆಯೊಳಗೆ ಅದರ ಒಂದು ಮಿಂಚು ಮಾತ್ರ ಕಾಣುತ್ತದೆ. ಪಾಲನು ಫ್ರೆಮೆನ್ ನೆಲೆಗೆ ಬಂದಾಗ ಶತ್ರುಗಳ ಭಯದಿಂದ ಜನರು ಗುಳೆ ಹೊರಡುವ ಸಿದ್ಧತೆಯಲ್ಲಿರುತ್ತಾರೆ. ಒಂದು ಗವಿಯಲ್ಲಿ ಉಪಾಧ್ಯಾಯಿನಿಯೊಬ್ಬಳು ಪಾಠ ಹೇಳುತ್ತಿದ್ದಾಳೆ. ಮಕ್ಕಳು ಮರ, ಹುಲ್ಲು, ಗಾಳಿ, ಬೆಟ್ಟ ಎಂದು ಒಂದೇ ಕೊರಲಿನಲ್ಲಿ ಹೇಳುತ್ತಿದ್ದಾರೆ. ಇಂಥ ವೇಳೆಯಲ್ಲಿಯೂ ಪಾಠವೇ ಎಂದು ಪಾಲನು ಕೇಳಿದರೆ, ಜೊತೆಯ ಹೆಂಗಸು ಹಾರಾ, ಕೈನ್ಸನ ಮಗ ಲಿಯೆಟ್ ಕಲಿಸಿದ್ದನ್ನು ಒಂದು ಕ್ಷಣವೂ ನಿಲ್ಲಿಸಲಾಗದು ಎನ್ನುತ್ತಾಳೆ. ವರುಷ ವರುಷಕ್ಕೆ ಹಾಜರಿ ಇಳಿಯುತ್ತಿರುವ ಕನ್ನಡ ತರಗತಿಯಲ್ಲಿ ನಿಂತು ಮಗ್ಗಿ ಹೇಳಿಸಿದವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಪಾಲನು ಮುಂದೆ ನಡೆಯುತ್ತಾನೆ; ಕಾದಂಬರಿಯೂ ಅವನ ಹಿಂದೆಯೇ ನಡೆದುಬಿಡುತ್ತದೆ. ಆ ಉಪಾಧ್ಯಾಯಿನಿಯನ್ನು ನಾವು ಮತ್ತೆ ಕಾಣುವುದಿಲ್ಲ.

ಅಲ್ಲಿಂದ ಮುಂದೆ ಪಾಲನದೇ ರಾಜ್ಯ. ಭವಿಷ್ಯವನ್ನು ಕಾಣಬಲ್ಲವನು, ಯಾರೂ ಗೆಲ್ಲದ ಪರೀಕ್ಷೆಗಳನ್ನು ಗೆಲ್ಲುವವನು. ಎರಡು ವರ್ಷಗಳನ್ನು ಲೇಖಕರು ಹಾರಿಯೇ ಬಿಡುತ್ತಾರೆ. ಅಷ್ಟರಲ್ಲಿ ಪಾಲನಿಗೊಂದು ಮಗು ಹುಟ್ಟಿರುತ್ತದೆ. ಆ ಮಗುವನ್ನು ಶತ್ರುಗಳು ಕೊಂದ ಸುದ್ದಿ ಯುದ್ಧದ ಗದ್ದಲದಲ್ಲಿ ನಾಲ್ಕು ಮಾತಿನಲ್ಲಿ ಬಂದುಹೋಗುತ್ತದೆ. ಜಾಮಿಸನಿಗಾಗಿ ಅತ್ತವನು ಈ ಪಾಲನೇ ಎಂದು ನಂಬುವುದು ಕಷ್ಟ. ಕಡೆಯ ಅಧ್ಯಾಯದಲ್ಲಿ ಗೆದ್ದ ಪಾಲನು, ಈ ಗ್ರಹದಲ್ಲಿ ಬಯಲಿನಲ್ಲಿ ನೀರು ಹರಿಯುವುದೆಂದೂ, ಆದರೆ ಸಂಬಾರಕ್ಕಾಗಿ ಸ್ವಲ್ಪ ಮರಳುಗಾಡು ಉಳಿಯಲೇಬೇಕೆಂದೂ ಸಾರುತ್ತಾನೆ. ನನ್ನ ನಿರಾಶೆಯ ಮೂಲ ಇಲ್ಲಿದೆ. ತಲೆಮಾರುಗಳು ಒಂದೊಂದು ಹುಲ್ಲು ನೆಟ್ಟು, ಒಂದೊಂದು ಹನಿ ಕೂಡಿಟ್ಟು ಗಳಿಸಬೇಕಾಗಿದ್ದದ್ದು ಒಬ್ಬ ಅರಸನ ಅಪ್ಪಣೆಯಾಯಿತು, ಅವನ ದಾನವಾಯಿತು. ಬದಲಾದದ್ದನ್ನು ಲೇಖಕರು ನಷ್ಟವೆಂದು ನಮಗೆ ತೋರಿಸುವುದೂ ಇಲ್ಲ.

ವೀರಪುರುಷರನ್ನು ನಂಬಬೇಡಿರೆಂದು ಎಚ್ಚರಿಸುವುದೇ ತಮ್ಮ ಉದ್ದೇಶವಾಗಿತ್ತೆಂದು ಹರ್ಬರ್ಟರು ಆಮೇಲೆ ಹೇಳಿದರು. 1969ರ ‘ಡ್ಯೂನ್ ಮೆಸೈಯಾ’ದಲ್ಲಿ ಆ ಮಾತು ಸ್ಪಷ್ಟವಾಗಿದೆಯೆಂಬುದೂ ನಿಜ. ಈ ಗ್ರಂಥದಲ್ಲಿಯೇ, ಮರಳಿನಲ್ಲಿ ಸಾಯುತ್ತಿರುವ ಲಿಯೆಟನಿಗೆ ಸತ್ತ ತಂದೆಯ ದನಿ ಕೇಳಿಸುತ್ತದೆ. ಜನರು ಒಬ್ಬ ವೀರನ ಕೈಗೆ ಸಿಕ್ಕುವುದಕ್ಕಿಂತ ದೊಡ್ಡ ಅನಾಹುತವಿಲ್ಲವೆಂದು ಅದು ಹೇಳುತ್ತದೆ. ತನ್ನಿಂದ ಹೊತ್ತಿಕೊಳ್ಳಲಿರುವ ಯುದ್ಧವನ್ನು ಕನಸಿನಲ್ಲಿ ಕಂಡು ಪಾಲನೂ ಬೆದರುತ್ತಾನೆ. ಆದರೆ ಮಾತು ಒಂದು ಕಡೆಗಿದ್ದು ಕಥೆಯ ನಡೆ ಇನ್ನೊಂದು ಕಡೆಗಿದ್ದರೆ, ವಾಚಕನು ನಂಬುವುದು ನಡೆಯನ್ನು. ಪಾಲನಿಗೆ ಇದಿರಾಗಿ ನಿಲ್ಲಿಸಿದ ಬ್ಯಾರನನಾದರೂ ಎಂಥವನು? ಕೊಬ್ಬಿದ ಮೈ, ಕೊಳಕು ಮನಸ್ಸು, ಅಷ್ಟೆ. ಅವನ ಮುಂದೆ ಯಾರನ್ನು ನಿಲ್ಲಿಸಿದರೂ ದೇವರಂತೆ ಕಾಣುತ್ತಾರೆ. ನಮ್ಮ ರನ್ನನು ತನ್ನ ಅರಸನನ್ನು ಭೀಮನಲ್ಲಿ ಕಂಡು ಕಾವ್ಯ ಬರೆದವನು. ಅವನಿಗೆ ಭೀಮನನ್ನು ಮೆರೆಸಲೇಬೇಕಾದ ಋಣವಿತ್ತು. ಆದರೂ ಓದಿದವರ ಎದೆಯಲ್ಲಿ ನಿಲ್ಲುವವನು ದುರ್ಯೋಧನ. ಯಾವ ಅರಸನ ಋಣವೂ ಇಲ್ಲದ ಹರ್ಬರ್ಟರಿಗೆ ಹಗೆಯಲ್ಲಿ ಒಂದು ಮನುಷ್ಯಮುಖವನ್ನು ಕಾಣಲಾಗಲಿಲ್ಲ.

ನೆಡುವವನ ಬದುಕು ಕಾದಂಬರಿಗೆ ಸಾಲದ ವಸ್ತುವೆಂದು ಯಾರಾದರೂ ವಾದಿಸಬಹುದು. ಕಾರಂತರ ‘ಬೆಟ್ಟದ ಜೀವ’ವನ್ನು ಓದಿದ ಕನ್ನಡಿಗರು ಅದನ್ನು ಒಪ್ಪಲಾರರು. ಕಾಡಿನ ನಡುವೆ ತೋಟವೆಬ್ಬಿಸಿದ ಮುದುಕ ಗೋಪಾಲಯ್ಯನು ಯಾವ ಗದ್ದುಗೆಯನ್ನೂ ಏರುವುದಿಲ್ಲ. ಪುಸ್ತಕವೂ ‘ಡ್ಯೂನ್’ನಷ್ಟು ದಪ್ಪವಾದದ್ದಲ್ಲ.

ಏಳನೆಯ ತರಗತಿಯ ನನ್ನ ವಿದ್ಯಾರ್ಥಿಯೊಬ್ಬನು ನನ್ನ ಮೇಜಿನ ಮೇಲೆ ಈ ದಪ್ಪ ಪುಸ್ತಕವನ್ನು ಕಂಡು, ಇದರಲ್ಲೇನಿದೆ ಗುರುಗಳೇ ಎಂದು ಕೇಳಿದ. ಪಾಲನ ಸಾಹಸವನ್ನು ಹೇಳಲು ಹೊರಟವನು, ಕೈನ್ಸನ ಐನೂರು ವರ್ಷಗಳ ಲೆಕ್ಕವನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ನೆಟ್ಟ ಹುಲ್ಲು ಬದುಕಿತೇ ಎಂದ. ಅನುಬಂಧದ ಆ ಕೆಲವು ಪುಟಗಳನ್ನು ಹುಡುಗರಿಗಾಗಿ ಸರಳಗನ್ನಡದಲ್ಲಿ ಹೇಳಲು ಈಗ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ.