ಹಾರ್ನ್ ಹೇಳುವ ಅರ್ಧ ಸತ್ಯ

ರಾಬರ್ಟ್ ಪಿರ್ಸಿಗ್‌ನ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ (1974) ಪುಸ್ತಕವನ್ನು ನಾನು ಮೊದಲು ಓದಿದ್ದು ಎಂ.ಎ. ಓದುವಾಗ. ಆಗ ಗಾಡಿಯ ಪುಟಗಳನ್ನೆಲ್ಲ ಹಾರಿಸಿ, ‘ಕ್ವಾಲಿಟಿ’ಯ ಚರ್ಚೆ ಬಂದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ಎರಡನೇ ಸಲ ಓದಿದ್ದು ಅಪ್ಪ ತೀರಿಕೊಂಡು ಅವರ ಯೆಜ್ಡಿ ನನ್ನ ಪಾಲಿಗೆ ಬಂದ ಮೇಲೆ. ಈ ಸಲ ಹಾರಿಸಿದ್ದು ತತ್ವಶಾಸ್ತ್ರವನ್ನು.

ನಿರೂಪಕ ತನ್ನ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟದಿಂದ ಕ್ಯಾಲಿಫೋರ್ನಿಯಾದ ಕಡೆ ಹೊರಟಿರುತ್ತಾನೆ. ದಾರಿಯುದ್ದಕ್ಕೂ ಗಾಡಿಯ ನೆಪದಲ್ಲಿ ಯೋಚನೆ. ರಿಪೇರಿ ಎಂದರೆ ತರ್ಕ ಎಂದು ತೋರಿಸಲು ಅವನು ಬ್ಯಾಟರಿಯ ಉದಾಹರಣೆ ತೆಗೆದುಕೊಳ್ಳುತ್ತಾನೆ. ಹಾರ್ನ್‌ಗೆ ಕರೆಂಟು ಬರುವುದು ಬ್ಯಾಟರಿಯಿಂದ ಮಾತ್ರ ಎಂದು ಗೊತ್ತಿದ್ದರೆ, ಬ್ಯಾಟರಿ ಸತ್ತಾಗ ಹಾರ್ನ್ ಕೂಗದು ಎಂದು ಊಹಿಸಬಹುದು. ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದಾಗ ಕಿಡಿ ಬರದಿದ್ದರೆ ಎಲೆಕ್ಟ್ರಿಕಲ್ ದೋಷವಿದೆ, ಇಲ್ಲವೇ ಪರೀಕ್ಷೆಯೇ ಸರಿಯಾಗಿಲ್ಲ. ಕೊನೆಯ ಆ ಮಾತನ್ನು ಸೇರಿಸಿದ್ದಕ್ಕೇ ಪಿರ್ಸಿಗ್ ಮೇಲೆ ನನಗೆ ಗೌರವ.

ನನ್ನ ಗಾಡಿ ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಸಂಜೆ ಹೆಡ್‌ಲೈಟ್ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಕೆಮ್ಮಿ ಆಫ್ ಆಗುತ್ತಿತ್ತು. ರಸ್ತೆ ಬದಿಗೆ ತಳ್ಳಿ, ಲೈಟ್ ಆರಿಸಿ, ಹಾರ್ನ್ ಒತ್ತಿದರೆ ಕೂಗುತ್ತಿತ್ತು. ಪ್ಲಗ್‌ನಲ್ಲಿ ಕಿಡಿಯೂ ಇತ್ತು. ಪುಸ್ತಕದ ಪ್ರಕಾರ ಬ್ಯಾಟರಿ ಸತ್ತಿಲ್ಲ. ಆದರೂ ಅನುಮಾನದಿಂದ ಹೊಸ ಬ್ಯಾಟರಿ ತಂದೆ, ಆಮೇಲೆ ಮತ್ತೊಂದು. ಸಿಗ್ನಲ್‌ನಲ್ಲಿ ಅದೇ ಕೆಮ್ಮು.

ಇದೇ ಪುಸ್ತಕದಲ್ಲಿ ದಕ್ಷಿಣ ಭಾರತದ್ದೆಂದು ಹೇಳುವ ಒಂದು ಮಂಗನ ಬೋನು ಬರುತ್ತದೆ. ಟೊಳ್ಳು ತೆಂಗಿನಕಾಯಿಯೊಳಗೆ ಅಕ್ಕಿ; ಮಂಗ ಮುಷ್ಟಿ ಬಿಡದೆ ಸಿಕ್ಕಿಬೀಳುತ್ತದೆ. (ನಾನು ನೋಡಿದ ಚಾಮುಂಡಿ ಬೆಟ್ಟದ ಮಂಗಗಳು ಕಾಯಿಯ ಜೊತೆ ಚೀಲವನ್ನೂ ಒಯ್ಯುತ್ತವೆ, ಇರಲಿ.) ಮೊದಲೇ ಮಾಡಿಕೊಂಡ ತೀರ್ಮಾನವನ್ನು ಬಿಡಲಾಗದ ಮನಸ್ಸಿಗೆ ಪಿರ್ಸಿಗ್ ಕೊಡುವ ಹೋಲಿಕೆ ಇದು. ನನ್ನ ಮುಷ್ಟಿಯೊಳಗೆ ಇದ್ದದ್ದು ‘ಬ್ಯಾಟರಿ’ ಎಂಬ ಪದ.

ಬಿಡಿಸಿದ್ದು ಒಬ್ಬ ಹಳೆಯ ಮೆಕ್ಯಾನಿಕ್. “ಹಾರ್ನ್ ಒಂದನ್ನೇ ಒತ್ತಿದ್ರೆ ಏನ್ ಗೊತ್ತಾಗತ್ತೆ ಮೇಷ್ಟ್ರೇ? ಲೈಟ್ ಹಾಕಿ ಒತ್ತಿ” ಅಂದರು. ಒತ್ತಿದೆ. ಹಾರ್ನ್ ಗೊರಗೊರ ಅಂತು, ಲೈಟು ಹಳದಿಯಾಯಿತು. ಅವರು ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಅರ್ಥಿಂಗ್ ವೈರ್ ಫ್ರೇಮಿಗೆ ಕೂರುವ ಬೋಲ್ಟ್ ಬಿಚ್ಚಿದರು. ಅದರಡಿ ಹೊಳೆಯುವ ಹೊಸ ಬಣ್ಣ. ಅಪ್ಪನ ಗಾಡಿ ಎಂಬ ಪ್ರೀತಿಗೆ ನಾನೇ ಹೊಡೆಸಿದ್ದು. ಎಮರಿ ಪೇಪರಿನಲ್ಲಿ ಲೋಹ ಕಾಣುವವರೆಗೆ ಉಜ್ಜಿ, ವ್ಯಾಸಲೀನ್ ಸವರಿ, ಬಿಗಿ ಮಾಡಿದರು.

ಕಾರಣ ಸರಳ. ಹಳೆಯ ಯೆಜ್ಡಿ 6 ವೋಲ್ಟಿನದು. ಅಷ್ಟೇ ಬೆಳಕಿಗೆ 12 ವೋಲ್ಟಿನ ಗಾಡಿಗಿಂತ ಎರಡು ಪಟ್ಟು ಕರೆಂಟು ಬೇಕು, ಹಾಗಾಗಿ ಕೆಟ್ಟ ಜೋಡಣೆಯೊಂದರಲ್ಲಿ ಆಗುವ ನಷ್ಟವೂ ಹೆಚ್ಚು. ಓಡುವಾಗ ಡೈನಮೋ ಕೊಡುತ್ತದೆ. ನಿಂತು ಇಂಜಿನ್ ನಿಧಾನವಾದಾಗ ಲೈಟು, ಕಾಯಿಲ್ ಎರಡೂ ಬ್ಯಾಟರಿಯ ಹೆಗಲಿಗೆ ಬೀಳುತ್ತವೆ. ಹಾರ್ನ್ ಒಂದೇ ಆದರೆ ಬಣ್ಣ ಹತ್ತಿದ ಆ ಬೋಲ್ಟ್ ಹೇಗೋ ತೂಗಿಸುತ್ತದೆ, ಎಲ್ಲವೂ ಸೇರಿದರೆ ಇಲ್ಲ. ‘ಸತ್ತಿಲ್ಲ’ ಎಂಬುದಕ್ಕೂ ‘ಭಾರ ಹೊರಬಲ್ಲುದು’ ಎಂಬುದಕ್ಕೂ ನಡುವಿನ ಅಂತರ ಪಿರ್ಸಿಗ್‌ನ ಉದಾಹರಣೆಯಲ್ಲಿಲ್ಲ.

ಅದು ತರ್ಕದ ತಪ್ಪಲ್ಲ, ಒಂಟಿತನದ ತಪ್ಪು ಎನ್ನುವುದು ನನ್ನ ತಕರಾರು. ಈ ನಿರೂಪಕ ಯಾರನ್ನೂ ಕೇಳುವವನಲ್ಲ. ಅವನು ವಿವರವಾಗಿ ನೆನಪಿಟ್ಟುಕೊಂಡ ಮೆಕ್ಯಾನಿಕ್‌ಗಳು ರೇಡಿಯೋ ಹಾಕಿಕೊಂಡು ಇಂಜಿನ್ ಹಾಳುಗೆಡವಿದ ಹುಡುಗರು. ಕೊನೆಗೆ ದೋಷವಿದ್ದದ್ದು 25 ಸೆಂಟಿನ ಒಂದು ಪಿನ್ನಿನಲ್ಲಿ ಎಂದು ಅವನೇ ಕಂಡುಹಿಡಿಯುತ್ತಾನೆ. ಪುಸ್ತಕದ ಕೊನೆಯ ಭಾಗದಲ್ಲಿ ಮಾತ್ರ ಒಬ್ಬ ಮುದಿ ವೆಲ್ಡರ್ ಬರುತ್ತಾನೆ. ತೆಳು ತಗಡಿನ ಚೈನ್‌ಗಾರ್ಡನ್ನು ತೂತಾಗದಂತೆ ಬೆಸೆದು, ಹೊಗಳಿಕೆಗೆ ಬೆಲೆ ಕೊಡದೆ ಒಂದು ಡಾಲರ್ ಕೇಳುತ್ತಾನೆ. ಇಡೀ ಪುಸ್ತಕ ಹುಡುಕುತ್ತಿದ್ದ ‘ಕ್ವಾಲಿಟಿ’ ಆ ಕೈಯಲ್ಲಿದೆ. ನಿರೂಪಕನಿಗೂ ಅದು ಗೊತ್ತಾಗುತ್ತದೆ. ಆದರೂ, ಎಲ್ಲಿ ಕಲಿತೆ ಎಂದು ಕೂತು ಕೇಳುವ ವ್ಯವಧಾನ ಪುಸ್ತಕಕ್ಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈ ಗಾಡಿಗಳ ಬಗೆಗಿನ ಅನುಭವ ಈಗ ಉಳಿದಿರುವುದು ಹೆಚ್ಚಾಗಿ ಇಂಥ ಕೈಗಳಲ್ಲಿ. ನಮ್ಮ ಮೆಕ್ಯಾನಿಕ್‌ಗೆ ಪಾಯಿಂಟ್ ಗ್ಯಾಪ್ ನೋಡಲು ಈಗ ಕನ್ನಡಕ ಸಾಲದು, ಮೊಮ್ಮಗ ಟಾರ್ಚ್ ಹಿಡಿಯುತ್ತಾನೆ.

ಇನ್ನೊಂದನ್ನು ಈ ಓದಿನಲ್ಲಿ ಗಮನಿಸಿದೆ. ಬಂದು ಹೋಗುವ ದೋಷಗಳೇ ಕಷ್ಟದವು, ಎಲೆಕ್ಟ್ರಿಕಲ್ ದೋಷಗಳು ಹೆಚ್ಚಾಗಿ ಹಾಗೆಯೇ ಎಂದು ನಿರೂಪಕ ಎಚ್ಚರಿಸುತ್ತಾನೆ. ಯಾವಾಗ ಬರುತ್ತದೆ, ಆಗ ಏನು ನಡೆಯುತ್ತಿರುತ್ತದೆ, ಗಮನಿಸು ಎನ್ನುತ್ತಾನೆ. ಅವನ ಹಿಂದೆ ಕೂತ ಕ್ರಿಸ್‌ಗೆ ಬಂದು ಹೋಗುವ ಹೊಟ್ಟೆನೋವಿದೆ. ವೈದ್ಯರಿಗೆ ಕಾರಣ ಸಿಕ್ಕಿಲ್ಲ. ಇಂಜಿನ್ನಿನ ಸಣ್ಣ ಸದ್ದಿಗೂ ಕಿವಿಗೊಡುವ ಅಪ್ಪ ಮಗನ ವಿಷಯದಲ್ಲಿ ಆ ತಾಳ್ಮೆ ತೋರುವುದು ತೀರಾ ತಡವಾಗಿ. ಅಲ್ಲಿಯವರೆಗೂ ಹುಡುಗನಿಗೆ ಮುಂದಿನ ದಾರಿ ಕಾಣದು, ಕಾಣುವುದು ಅಪ್ಪನ ಬೆನ್ನು. ಕೊನೆಯ ಪುಟಗಳಲ್ಲಿ ಅವನು ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲುತ್ತಾನೆ. ನಾನು ಯೆಜ್ಡಿಯ ಹಿಂದಿನ ಸೀಟಿನಲ್ಲಿ ಎಷ್ಟೋ ವರ್ಷ ಕೂತಿದ್ದೇನೆ. ಅಪ್ಪನ ಖಾಕಿ ಜರ್ಕಿನ್ನಿನ ಬೆನ್ನಿನ ಹೊಲಿಗೆ ಈಗಲೂ ಕಣ್ಣಿಗೆ ಕಟ್ಟಿದೆ.