ಸುನಯನಿ ದೇವಿ: ‘ಸ್ವಯಂಶಿಕ್ಷಿತೆ’ ಎಂಬ ವಿಶೇಷಣದ ಆಚೆಗೆ

ಕಲಾಚರಿತ್ರೆಯಲ್ಲಿ ಸುನಯನಿ ದೇವಿಯವರ (1875–1962) ಹೆಸರು ಬಂದಾಗಲೆಲ್ಲ ಎರಡು ವಿಶೇಷಣಗಳು ಅದಕ್ಕೆ ಅಂಟಿಕೊಂಡೇ ಬರುತ್ತವೆ: ಅವನೀಂದ್ರನಾಥ ಠಾಕೂರರ ತಂಗಿ ಮತ್ತು ಸ್ವಯಂಶಿಕ್ಷಿತೆ. ಮೊದಲನೆಯದು ಅವರನ್ನು ಮನೆತನಕ್ಕೆ ಸೇರಿಸುತ್ತದೆ. ಎರಡನೆಯದು ಪ್ರಶಂಸೆಯ ರೂಪದಲ್ಲಿಯೇ ಪರಂಪರೆಯ ಹೊರಗಿಡುತ್ತದೆ. ಈ ಎರಡನೆಯ ವಿಶೇಷಣವನ್ನು ಪರೀಕ್ಷೆಗೆ ಒಡ್ಡುವುದು ಅಗತ್ಯ.

ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಅಣ್ಣಂದಿರಾದ ಗಗನೇಂದ್ರನಾಥ, ಅವನೀಂದ್ರನಾಥರು ಚಿತ್ರರಚನೆಯಲ್ಲಿ ತೊಡಗಿರುತ್ತಿದ್ದರು. ಅವನೀಂದ್ರನಾಥರಲ್ಲಿ ಕಲಿಯಲು ಮೈಸೂರಿನ ಕೆ. ವೆಂಕಟಪ್ಪನವರು ಅಷ್ಟು ದೂರ ಹೋದರು. ಅದೇ ಮನೆಯ ಮಗಳಿಗೆ ಮಾತ್ರ ಆ ಶಿಷ್ಯತ್ವ ಒದಗಲಿಲ್ಲ. ಬಾಲ್ಯದಲ್ಲೇ ವಿವಾಹಿತರಾದ ಸುನಯನಿಯವರು ಕುಂಚ ಹಿಡಿದದ್ದು ಸುಮಾರು 30ರ ವಯಸ್ಸಿನಲ್ಲಿ, ಸಂಸಾರದ ಕೆಲಸಗಳ ನಡುವೆ. ‘ಸ್ವಯಂಶಿಕ್ಷಣ’ವು ಇಲ್ಲಿ ಆಯ್ಕೆಯಲ್ಲ, ಹೆಣ್ಣೆಂಬ ಕಾರಣಕ್ಕೆ ಒದಗಿದ ಸ್ಥಿತಿ.

1922ರಲ್ಲಿ ಕಲ್ಕತ್ತೆಯಲ್ಲಿ ಬೌಹೌಸ್ ಕಲಾವಿದರ ಕೃತಿಗಳ ಪ್ರದರ್ಶನ ನಡೆದಾಗ ಸುನಯನಿಯವರ ಚಿತ್ರಗಳೂ ಅಲ್ಲಿದ್ದವು. ಅವುಗಳ ಮಹತ್ತ್ವವನ್ನು ಮೊದಲು ಗುರುತಿಸಿದವರಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಪ್ರಮುಖರು. ಆದರೆ ಜಾನಪದದ ಸಹಜ ಸರಳತೆಯನ್ನು ಮೆಚ್ಚಿಕೊಂಡ ಆ ವಿಮರ್ಶಾದೃಷ್ಟಿಯು ಚಿತ್ರಗಳ ಹಿಂದಿನ ವಿವೇಚನೆಯನ್ನು ಮರೆಗೆ ಸರಿಸಿತು.

ಅವರ ವಿಧಾನವನ್ನು ಗಮನಿಸಬೇಕು. ಕೆಂಪು ಅಥವಾ ಕಪ್ಪು ರೇಖೆಯಲ್ಲಿ ಆಕೃತಿಯನ್ನು ಬರೆದು, ಜಲವರ್ಣ ತುಂಬಿ, ಕಾಗದವನ್ನು ನೀರಿನಲ್ಲಿ ಅದ್ದುತ್ತಿದ್ದರು; ವರ್ಣವು ಕಾಗದದೊಳಕ್ಕೆ ಇಳಿಯುತ್ತಿತ್ತು. ಈ ‘ವಾಶ್’ ಕ್ರಮ ಅಣ್ಣನ ಬಳಗದ್ದೇ. ನೋಡಿ ಕಲಿತದ್ದೂ ಕಲಿಕೆಯೇ. ಆದರೆ ಅಣ್ಣನ ಚಿತ್ರಗಳಲ್ಲಿ ರೇಖೆ ಮಬ್ಬಿನಲ್ಲಿ ಕರಗಿದರೆ, ತಂಗಿಯ ಚಿತ್ರಗಳಲ್ಲಿ ಅದು ನಿಲ್ಲುತ್ತದೆ. ರಾಧೆ, ಕೃಷ್ಣ, ಅರ್ಧನಾರೀಶ್ವರರ ಮುಖಗಳಲ್ಲಿ ನೀಳವಾದ ಕಣ್ಣುಗಳೇ ಪ್ರಧಾನ. ಹಿನ್ನೆಲೆಯ ವಿವರಗಳು ಅಲ್ಪ. ಕಥೆ ಹೇಳುವ ಹಂಬಲವನ್ನು ಬಿಟ್ಟ ಈ ಮಿತವ್ಯಯ ಅರಿಯದ ಕೈಯಿಂದ ಬರುವಂಥದಲ್ಲ.

ಜಾಮಿನಿ ರಾಯ್ ಅವರು ಬಂಗಾಳದ ಪಟಚಿತ್ರದ ಕಡೆಗೆ ತಿರುಗಿದ್ದನ್ನು ಚರಿತ್ರೆಯು ಆಧುನಿಕತೆಯ ನಿರ್ಧಾರವೆಂದು ದಾಖಲಿಸಿದೆ. ಅದಕ್ಕೂ ಮೊದಲೇ ಸುನಯನಿಯವರು ತಲುಪಿದ್ದ ಸರಳತೆ ಮಾತ್ರ ‘ಮುಗ್ಧತೆ’ ಎನಿಸಿಕೊಂಡಿತು. ಪುರುಷನಲ್ಲಿ ಶೈಲಿಯಾದದ್ದು ಸ್ತ್ರೀಯಲ್ಲಿ ಸ್ವಭಾವವಾಗುವ ಈ ತರ್ಕವನ್ನು ಕೈಬಿಟ್ಟಾಗಲೇ ಅವರ ಚಿತ್ರಗಳು ಚಿತ್ರಗಳಾಗಿ ಕಾಣಿಸತೊಡಗುತ್ತವೆ.